ಕಿಟಕಿ ಕಡೆಯ ಕಣ್ಣು

ನಮ್ಮ ಹೆಂಗಸರ ವಾರ್ಡಿನಲ್ಲಿ ಮಂಚಗಳು ಎರಡು ಸಾಲು. ಒಂದು ಸಾಲು ದಕ್ಷಿಣದ ಗೋಡೆಗೆ ತಲೆ ಕೊಟ್ಟಿತ್ತು, ಇನ್ನೊಂದು ಉತ್ತರದ ಗೋಡೆಗೆ. ದಕ್ಷಿಣದ ಸಾಲಿಗೆ ಶಿಫಾರಸು ನಡೆಯುತ್ತಿತ್ತು. "ನಮ್ಮ ಅತ್ತಿಗೇರನ್ನ ಆ ಕಡೆ ಮಂಚಕ್ಕೆ ಹಾಕ್ಕೊಡಿ ಸಿಸ್ಟರಮ್ಮ, ನಾಳೆ ಎಳನೀರು ತತ್ತೀನಿ" ಎಂದು ಗಂಡಸರು ಬಾಗಿಲಲ್ಲಿ ಟವಲ್ಲು ಹಿಂಡುತ್ತಾ ನಿಲ್ಲುತ್ತಿದ್ದರು. ಉತ್ತರದ ಸಾಲಿಗೆ ಬಿದ್ದವರ ಮುಖ ಸಣ್ಣಗಾಗುತ್ತಿತ್ತು. ಉತ್ತರಕ್ಕೆ ತಲೆ ಹಾಕಿ ಮಲಗಿದವಳು ಎದ್ದು ಮನೆಗೆ ಹೋಗುವುದಿಲ್ಲ ಎನ್ನುವ ಮಾತು ಆ ಸೀಮೆಯಲ್ಲಿ ತೋಟದವರಿಗೂ ಒಂದೇ, ಕೂಲಿಯವರಿಗೂ ಒಂದೇ.

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ತೆಂಗಿನ ತೋಟಗಳ ನಡುವೆ ಇದ್ದ ಸಣ್ಣ ಟ್ರಸ್ಟ್ ಆಸ್ಪತ್ರೆ ಅದು. ಈಗ ಅದಿಲ್ಲ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು.

ಮೇಟ್ರನ್ ಮಾತ್ರ ದಿಕ್ಕಿನ ವಿಷಯದಲ್ಲಿ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. ತಲೆ ಗೋಡೆಗೆ, ಚಾರ್ಟು ಕಾಲಿಗೆ, ಡ್ರಿಪ್ ಬಾಟಲಿ ಗೋಡೆಯ ಕೊಕ್ಕೆಗೆ. "ಸಾಲು ಅಂದರೆ ಸಾಲು, ಸಿಸ್ಟರ್. ನಡುವೆ ಒಬ್ಬಳು ತಿರುಗಿ ಮಲಗಿದರೆ ನೋಡಿದವರು ನಮ್ಮನ್ನೇ ತಲೆಕೆಟ್ಟವರು ಅನ್ನುತ್ತಾರೆ" ಎನ್ನುತ್ತಿದ್ದರು. ಜನವೂ ಒಪ್ಪುತ್ತಿರಲಿಲ್ಲ. ದೀಪ ಸಣ್ಣದಾದ ಮೇಲೆ ಉತ್ತರದ ಸಾಲಿನಲ್ಲಿ ದಿಂಬುಗಳು ಸದ್ದಿಲ್ಲದೆ ಕಾಲಿನ ಕಡೆಗೆ ಹೋಗುತ್ತಿದ್ದವು, ರೋಗಿಗಳು ಅವುಗಳ ಹಿಂದೆ. ಬೆಳಗಿನ ಕಾಫಿಯ ಹೊತ್ತಿಗೆ ಎಲ್ಲರೂ ಮತ್ತೆ ಗೋಡೆಗೆ. ನಮಗೆ ಗೊತ್ತಿತ್ತು, ಅವರಿಗೂ ನಮಗೆ ಗೊತ್ತಿದೆ ಎಂದು ಗೊತ್ತಿತ್ತು. ಕೆಲವು ಸಿಸ್ಟರುಗಳು ಹಗಲಲ್ಲೂ ಕಂಡೂ ಕಾಣದಂತೆ ಹೋಗುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಬೆಳೆದವಳು, ರೂಲ್ ಎಂದರೆ ರೂಲ್.

ಡ್ಯೂಟಿಗೆ ಬಂದ ತಕ್ಷಣ ನಾನು ಮಾಡುತ್ತಿದ್ದ ಮೊದಲ ಕೆಲಸ ಒಂದು ಹಾಳೆಯ ಮೇಲೆ ವಾರ್ಡು ಬರೆಯುವುದು. ಹರಿದ ಕ್ಯಾಲೆಂಡರಿನ ಹಾಳೆ, ಅದರ ಬೆನ್ನು ಬಿಳಿ. ಎರಡು ಸಾಲು ಚೌಕಗಳು, ಬಲಗಡೆ ಪೂರ್ವದ ಕಿಟಕಿಗಳು, ಎಡಗಡೆ ಪಶ್ಚಿಮದ ಬಾಗಿಲು. ಒಂದೊಂದು ಚೌಕದೊಳಗೆ ಆ ರೋಗಿಗೆ ನನ್ನ ಪಾಳಿಯಲ್ಲಿ ಆಗಬೇಕಾದ್ದು ಮಾತ್ರ: ಇಂಜೆಕ್ಷನ್ ಇದ್ದರೆ ಕೆಂಪು ಪೆನ್ಸಿಲ್, ಡ್ರಿಪ್ ಇದ್ದರೆ ಒಂದು ಸಣ್ಣ ಬಾಟಲಿ, ಜ್ವರ ನೋಡಬೇಕಾದರೆ ಒಂದು ಗೀಟು. ಮಾಡಿದ್ದನ್ನು ಹೊಡೆದುಹಾಕುವುದು. ಎಂಟು ಮಡಿಕೆ ಮಾಡಿ ಏಪ್ರನ್ನಿನ ಜೇಬಿಗೆ. ಇದನ್ನು ನನಗೆ ಯಾವ ನರ್ಸಿಂಗ್ ಟ್ಯೂಟರೂ ಕಲಿಸಲಿಲ್ಲ. ಬೋರ್ಡಿಂಗಿನಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದ ಮದರ್, ಬಟ್ಟೆ ಮುಟ್ಟುವ ಮುಂಚೆ ಕಾಗದದ ಮೇಲೆ ಕತ್ತರಿಸಿ ನೋಡು ಎನ್ನುತ್ತಿದ್ದರು. "ಫಸ್ಟ್ ದಿ ಪ್ಯಾಟರ್ನ್, ಚೈಲ್ಡ್, ದೆನ್ ದಿ ಸಿಸರ್ಸ್." ಆ ತೆಳು ದನಿ ಈಗಲೂ ನನ್ನ ಕಿವಿಯಲ್ಲಿ ಇದೆ. ಮದರ್ ಮಾತ್ರ ಇಲ್ಲ.

ಇನ್ನೊಂದು ರೂಢಿ ಹೇಳಬೇಕು. ನಮ್ಮ ವಾರ್ಡಿನಲ್ಲಿ ಎಡ, ಬಲ ಎಂದು ಯಾರೂ ಹೇಳುತ್ತಿರಲಿಲ್ಲ. ಎಡ ಎಂದರೆ ರೋಗಿಯ ಎಡವೋ, ಕಾಲ ಹತ್ತಿರ ನಿಂತ ನನ್ನ ಎಡವೋ ಎನ್ನುವ ಗೊಂದಲ ತಪ್ಪಲೆಂದು "ಕಿಟಕಿ ಕಡೆ ಕೈಗೆ ಡ್ರಿಪ್ಪು", "ಬಾಗಿಲ ಕಡೆ ಕಾಲಿಗೆ ಬ್ಯಾಂಡೇಜು" ಎಂದೇ ಒಬ್ಬರಿಗೊಬ್ಬರು ರಿಪೋರ್ಟು ಕೊಡುತ್ತಿದ್ದೆವು. ಗೋಡೆಗಳು ತಿರುಗುವುದಿಲ್ಲವಲ್ಲ. ಉತ್ತರದ ಸಾಲಿನವರಿಗೆ ಕಿಟಕಿ ಕಡೆ ಎಂದರೆ ಎಡ, ದಕ್ಷಿಣದ ಸಾಲಿನವರಿಗೆ ಬಲ. ಅಷ್ಟು ನಮಗೆ ಬಾಯಿಪಾಠವಾಗಿತ್ತು. ಬಹಳ ಬುದ್ಧಿವಂತಿಕೆಯ ಏರ್ಪಾಡು ಎಂದುಕೊಂಡಿದ್ದೆವು.

ಆ ದಿನ ನನ್ನದು ಮಧ್ಯಾಹ್ನದ ಪಾಳಿ. ವರಾಂಡದಲ್ಲಿ ಚಪ್ಪಲಿ ಬಿಡುವಾಗ ಒಳಗೆ ಒಂದು ಮಂಚ ಕಿರುಗುಟ್ಟಿದ್ದು ಕೇಳಿಸಿತು. ಮಂಚಗಳು ಕಿರುಗುಟ್ಟುತ್ತಲೇ ಇರುತ್ತವೆ ಎಂದು ಒಳಗೆ ಹೋದೆ.

ಬೆಳಗಿನ ಪಾಳಿಯ ಸಿಸ್ಟರ್ ಆಗಲೇ ಕೈಚೀಲ ಹೆಗಲಿಗೆ ಹಾಕಿಕೊಂಡು ಮೇಜಿನ ಬಳಿ ನಿಂತಿದ್ದಳು. ಮಾಯಸಂದ್ರದ ಬಸ್ಸು ತಪ್ಪಿದರೆ ಅವಳಿಗೆ ಸಂಜೆಯವರೆಗೆ ಇನ್ನೊಂದಿಲ್ಲ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು.

"ಅಕ್ಕ, ಆರನೇ ಮಂಚ ಹೊಸದು. ಹೆಡ್ ಇಂಜುರಿ. ಚಿಕ್ಕನಾಯಕನಹಳ್ಳಿ ಕಡೆಯವಳು, ಕೊಬ್ಬರಿ ಅಟ್ಟ ಹತ್ತಿದಾಳೆ, ಕಾಯಿ ರಾಶಿ ಜರಿದು ಒಂದು ಕಾಯಿ ತಲೆಗೆ ಬಡಿದು, ಏಣಿ ಮೇಲಿಂದ ಕೆಳಗೆ ಬಿದ್ದಿದಾಳೆ. ಎಡಗಡೆ ಕಿವಿ ಮೇಲೆ ಗಾಯ, ಹೊಲಿಗೆ ಹಾಕಿದಾರೆ. ಕೂಗಿದ್ರೆ ಕಣ್ಣು ಬಿಡ್ತಾಳೆ, ಹೆಸರು ಹೇಳ್ತಾಳೆ. ಪಲ್ಸ್ ಎಪ್ಪತ್ತಾರು. ವಾಂತಿ ಒಂದ್ಸಲ. ಪ್ಯೂಪಿಲ್ಸ್ ನೋಡಿದೆ, ಕಿಟಕಿ ಕಡೇದು ಒಂಚೂರು ದೊಡ್ಡದಿದೆಯೇನೋ ಅನ್ನಿಸ್ತು. ಬೆಳಕಿಗೆ ಹಂಗೆ ಕಾಣ್ತೋ ಏನೋ. ನೀವೊಂದ್ಸಲ ನೋಡಿ."

"ಅಲ್ಲಾಡಿಸಬಾರದು ಅಂತ ಡಾಕ್ಟ್ರು ಹೇಳಿದಾರಾ?"

"ಹೇಳಿದಾರೆ. ಅತ್ತೆ ಜೊತೇಲಿದಾಳೆ, ಅವಳಿಗೂ ಹೇಳಿದೀನಿ. ಬತ್ತೀನಿ ಅಕ್ಕ, ಹಾರನ್ ಹೊಡೀತಾವ್ನೆ."

ಅಷ್ಟೇ. ನನ್ನ ಹಾಳೆಯ ಆರನೇ ಚೌಕದಲ್ಲಿ, ಕಿಟಕಿಯ ಪಕ್ಕಕ್ಕೆ, ಒಂದು ಸಣ್ಣ ಸೊನ್ನೆ ಬರೆದೆ. ಕಿಟಕಿ ಕಡೆಯ ಕಣ್ಣು. ಉತ್ತರದ ಸಾಲು, ಆದ್ದರಿಂದ ಎಡಗಣ್ಣು. ಎಡಗಡೆಯೇ ಗಾಯ. ಸರಿಯಾಗಿ ಕೂತಿತು.

ತಲೆಗೆ ಏಟು ಬಿದ್ದವರನ್ನು ಕಾಯುವುದು ಒಂದು ಬಗೆಯ ಹಿಂಸೆ. ಮಾಡುವುದಕ್ಕೆ ಏನೂ ಇರುವುದಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ. ಬುರುಡೆಯ ಒಳಗೆ ರಕ್ತ ಸೋರುತ್ತಿದ್ದರೆ ಅದಕ್ಕೆ ಹೊರಗೆ ಬರಲು ದಾರಿ ಇಲ್ಲ. ಅದು ಮೆದುಳನ್ನು ಒತ್ತುತ್ತದೆ. ಒತ್ತಿದ ಕಡೆಯ ಕಣ್ಣಿನ ಪಾಪೆ ಹಿಗ್ಗುತ್ತದೆ, ನಾಡಿ ನಿಧಾನವಾಗುತ್ತದೆ, ನಿದ್ದೆ ಗಾಢವಾಗುತ್ತದೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಪಲ್ಸ್ ಎಪ್ಪತ್ತಾರು ಒಳ್ಳೆಯದು, ಎಪ್ಪತ್ತು ಇನ್ನೂ ಒಳ್ಳೆಯದು, ಅರವತ್ತನಾಲ್ಕು ಎಂದರೆ ಪೈಲ್ವಾನರ ನಾಡಿ. ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದಾಗ ಮಾತ್ರ ಒಳಗೆ ಏನಾಗುತ್ತಿದೆ ಎಂದು ತಿಳಿಯುತ್ತದೆ. ಪಾಳಿ ಬದಲಾಗುವುದು ದಾರದ ನಡುವೆ. ಒಬ್ಬಳ ಕೈಯ ತುದಿಯನ್ನು ಇನ್ನೊಬ್ಬಳು ಹಿಡಿಯಬೇಕು.

ಹುಡುಗಿಗೆ ಇಪ್ಪತ್ತು ದಾಟಿರಲಿಲ್ಲ. ತಲೆ ಗೋಡೆಗೆ ಇಟ್ಟು ಅಂಗಾತ ಮಲಗಿದ್ದಳು. ಅತ್ತೆ ಮಂಚದ ಕೆಳಗೆ ಕಾಲು ಮಡಚಿ ಕೂತವಳು ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು. ಒಣಗಿದ ಎತ್ತರದ ಹೆಂಗಸು.

"ಹೆಸರು ಕರೀರಿ" ಎಂದೆ.

"ಲೇ, ಕಣ್ಬುಡೇ. ಸಿಸ್ಟರಮ್ಮ ಬಂದವ್ರೆ."

ಹುಡುಗಿ ಕಣ್ಣು ತೆರೆದು, "ಕಾಯಿ ಎಲ್ಲ ಕೆಳಗೆ ಬಿದ್ದೋದ್ವಾ ಅತ್ತೆ?" ಎಂದಳು.

"ಕಾಯಿ ಮನೆ ಹಾಳಾಗ. ನೀನು ಎದ್ದೇಳು ಮೊದ್ಲು."

ನಾನು ಟಾರ್ಚ್ ಹಾಕಿದೆ. ಕಿಟಕಿ ಕಡೆಯ ಪಾಪೆ ಬೆಳಕು ಬಿದ್ದೊಡನೆ ಚುರುಕಾಗಿ ಮುದುಡಿತು. ಬಾಗಿಲ ಕಡೆಯದು ತಡವಾಗಿ, ಮನಸ್ಸಿಲ್ಲದ ಹಾಗೆ ಮುದುಡಿತು. ಮತ್ತೆ ಹಾಕಿದೆ. ಹಾಗೆಯೇ. ದೊಡ್ಡದಿದ್ದದ್ದು ಬಾಗಿಲ ಕಡೆಯದು. ರಿಪೋರ್ಟಿಗೆ ಸರಿ ಉಲ್ಟಾ.

ಅಲ್ಲಿಂದ ಶುರುವಾಯಿತು ನನ್ನ ಚಡಪಡಿಕೆ. ಎರಡನೇ ಮಂಚದ ಟೈಫಾಯ್ಡ್ ಹುಡುಗಿಗೆ ಕ್ಯಾಪ್ಸೂಲ್ ನುಂಗಿಸುವಾಗ ನನ್ನ ಕಣ್ಣು ಆರನೆಯದರ ಮೇಲೆ. ದಕ್ಷಿಣದ ಸಾಲಿನಲ್ಲಿ ಡ್ರಿಪ್ಪಿನ ಹನಿ ಎಣಿಸುವಾಗ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ. ಹಾಳೆ ತೆಗೆದು ನೋಡುವುದು, ಮಡಿಚುವುದು, ಮತ್ತೆ ತೆಗೆಯುವುದು. ಏಳನೇ ಮಂಚದಲ್ಲಿ ಹುಳಿಯಾರಿನ ಒಬ್ಬ ಮುದುಕಿ ತೊಡೆ ಮೂಳೆ ಮುರಿದುಕೊಂಡು, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಳು. ಬಾಯಿ ಮಾತ್ರ ಮುರಿದಿರಲಿಲ್ಲ.

"ಏನ್ ಸಿಸ್ಟರಮ್ಮ, ಮೊಟ್ಟೆ ಇಡೋ ಕೋಳಿ ಹಂಗೆ ಸುತ್ತಾಡ್ತಿದೀರಲ್ಲ. ಒಂದ್ಕಡೆ ಕೂತ್ಕಳ್ರೀ, ನೋಡಿ ನೋಡಿ ನನ್ ತಲೆ ತಿರುಗ್ತದೆ."

"ನಿಮ್ಮ ತಲೆ ಎಲ್ಲಿ ತಿರುಗುತ್ತೆ ಅಜ್ಜಿ, ತೂಕ ಕಟ್ಟಿದೀವಲ್ಲ."

"ಅದೇ ನಮ್ ಹಣೇಬರಾ ಕಣವ್ವ. ಈ ಸಾಲ್ನಾಗೆ ತಿರುಗಕ್ಕಾಗ್ದೋಳು ನಾನೊಬ್ಳೇಯ" ಎಂದಳು ಮುದುಕಿ. ಪಕ್ಕದ ಮಂಚದ ಅತ್ತೆ ಅವಳನ್ನು ಒಂದು ಸಲ ನೋಡಿ ಮುಖ ಆ ಕಡೆ ಮಾಡಿದಳು. ನಾನು ನಕ್ಕು ಮುಂದೆ ಹೋದೆ.

ಎರಡನೇ ಸಲ ನೋಡಿದಾಗ ಪಲ್ಸ್ ಎಪ್ಪತ್ತು. ಕಣ್ಣು ಬಿಡಿಸಲು ಅತ್ತೆ ಎರಡು ಸಲ ಕೂಗಬೇಕಾಯಿತು. ಬಾಗಿಲ ಕಡೆಯ ಪಾಪೆ ಇನ್ನೂ ಸೋಮಾರಿ. ಡಾಕ್ಟರನ್ನು ಕರೆಸಿದೆ.

ನಮ್ಮ ಡಾಕ್ಟರು ಅವಸರದ ಮನುಷ್ಯರಲ್ಲ. ಬಂದು ತಾವೇ ಟಾರ್ಚ್ ಹಾಕಿ ನೋಡಿದರು, ಕೈ ಅದುಮಿಸಿದರು, ಅಂಗಾಲಿಗೆ ಕೀಲಿಕೈಯಿಂದ ಗೀರಿದರು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದರು.

"ಮಾರ್ನಿಂಗ್ ಸಿಸ್ಟರ್ ಕಿಟಕಿ ಕಡೇದು, ಅಂದರೆ ಎಡ, ಅಂದಳಂತೆ. ನೀವು ಬಲ ಅಂತೀರಿ. ನನಗೂ ಈಗ ಬಲ ಚೂರು ದೊಡ್ಡದು ಅನ್ನಿಸುತ್ತೆ, ಬಟ್ ಐ ವೋಂಟ್ ಸ್ವೇರ್ ಬೈ ಇಟ್. ಗಾಯ ಎಡಗಡೆ. ಒಂದು ಸಲ ಆ ಕಣ್ಣು, ಒಂದು ಸಲ ಈ ಕಣ್ಣು ಅಂದರೆ ಅದು ಕ್ಲಾಟ್ ಅಲ್ಲ ಸಿಸ್ಟರ್, ಅದು ಟಾರ್ಚು."

"ಪಲ್ಸ್ ಇಳೀತಿದೆ ಡಾಕ್ಟರ್."

"ಮಲಗಿದವಳ ಪಲ್ಸ್ ಇಳಿಯುತ್ತೆ. ನೋಡ್ತಿರಿ. ಬೇಗ ಬೇಗ ನೋಡಿ."

ಅವರ ಮಾತು ತಪ್ಪೂ ಅಲ್ಲ. ಜೀಪು ಇದ್ದಿದ್ದರೆ ಅವರು ಕಣ್ಣು ಮುಚ್ಚಿ ಬೆಂಗಳೂರಿಗೆ ಕಳಿಸಿಬಿಡುತ್ತಿದ್ದರೇನೋ. ಜೀಪು ಫ್ಯಾಮಿಲಿ ಪ್ಲಾನಿಂಗ್ ಕ್ಯಾಂಪಿಗೆಂದು ಹುಳಿಯಾರಿಗೆ ಹೋಗಿತ್ತು. ರಾತ್ರಿಗೆ ಮುಂಚೆ ಬರುವ ಹಾಗಿರಲಿಲ್ಲ. ಕೊಬ್ಬರಿ ಲಾರಿಯಲ್ಲಿ ಈ ಹುಡುಗಿಯನ್ನು ಹಾಕಿಕೊಂಡು ಆ ರಸ್ತೆಯಲ್ಲಿ ಹೋದರೆ ತಲುಪುವುದು ಹುಡುಗಿಯಲ್ಲ.

ಮತ್ತೆ ವಾರ್ಡು, ಮತ್ತೆ ಹಾಳೆ. ಅರವತ್ತನಾಲ್ಕು. ಬೆಳಗಿನ ಸಿಸ್ಟರಿಗೆ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಅವಳ ಮನೆಗೆ ಫೋನಿಲ್ಲ, ಬಸ್ಸು ಆಗಲೇ ಹೋಗಿ ಆಗಿತ್ತು. ಅವಳು ಸುಮ್ಮನೆ ಹೇಳುವವಳಲ್ಲ. ಅವಸರದವಳು, ಆದರೆ ಅವಳ ಕಣ್ಣು ಚುರುಕು. ಬೆಳಕಿನ ಆಟ ಎಂದರೆ ಕಿಟಕಿ ಕಡೆಯ ಪಾಪೆ ಚಿಕ್ಕದಾಗಬೇಕೇ ಹೊರತು ದೊಡ್ಡದಾಗುವುದು ಹೇಗೆ? ಹಾಗಾದರೆ ಅವಳು ಕಂಡದ್ದು ನಿಜ. ನಾನು ಕಂಡದ್ದೂ ನಿಜ. ಎರಡೂ ನಿಜವಾದರೆ ಎರಡೂ ಕಡೆ ಒತ್ತಡ ಏರುತ್ತಿದೆ, ಆಗ ಮಾಡುವುದಕ್ಕೆ ಏನೂ ಉಳಿದಿಲ್ಲ. ಇದನ್ನು ಯೋಚಿಸುತ್ತಾ ನಾನು ಆ ಮಂಚದ ಸುತ್ತ ಎಷ್ಟು ಸಲ ತಿರುಗಿದೆನೋ. ಅತ್ತೆ ನನ್ನ ಜೊತೆಗೇ ಕತ್ತು ತಿರುಗಿಸುತ್ತಿದ್ದಳು.

ಅಂಗಾಲು ಬೆಚ್ಚಗಿದೆಯೇ ನೋಡೋಣವೆಂದು ಕಾಲ ಕಡೆಯ ಹೊದಿಕೆ ಎತ್ತಿದೆ. ಹಾಸಿದ್ದ ಬಿಳಿ ದುಪ್ಪಟಿಯ ಮೇಲೆ, ಸರಿಯಾಗಿ ಕಾಲಿನ ಕೆಳಗೆ, ರೊಟ್ಟಿಯಗಲದ ಒಂದು ಎಣ್ಣೆಯ ಕಲೆ. ಅದರ ಅಂಚಿನಲ್ಲಿ ಕೆಂಪು. ರಕ್ತವಲ್ಲ, ಗಾಯಕ್ಕೆ ಹಚ್ಚುವ ಮರ್ಕ್ಯುರೋಕ್ರೋಮಿನ ಕೆಂಪು. ಬಗ್ಗಿ ಮೂಸಿದೆ. ಕೊಬ್ಬರಿ ಎಣ್ಣೆ. ನಮ್ಮ ಸೀಮೆಯ ಹೆಂಗಸರ ತಲೆಯಿಂದ ಬಿಟ್ಟರೆ ಅಷ್ಟು ಎಣ್ಣೆ ಇನ್ನೆಲ್ಲಿಂದ ಬರಬೇಕು?

"ಅಮ್ಮ, ಇವಳನ್ನ ತಿರುಗಿಸಿದ್ರಾ?"

"ಇಲ್ಲ ಕಣವ್ವ."

"ನಿಜ ಹೇಳಿ."

"ಇಲ್ಲ ತಾಯಿ. ಡಾಕ್ಟ್ರು ಅಲ್ಲಾಡಿಸಬ್ಯಾಡ ಅಂದವ್ರೆ, ನಾನ್ಯಾಕೆ ತಿರುಗಿಸ್ಲಿ? ಕಾಲಿಗೆ ಏನೋ ಔಷ್ದಿ ಹತ್ತಿರಬೇಕು."

ಅವಳ ಮುಖದಲ್ಲಿ ಏನೂ ಇರಲಿಲ್ಲ. ಬಾಗಿಲು ಹಾಕಿದ ಮನೆಯ ಹಾಗೆ. ಬೈದರೆ ಆ ಬಾಗಿಲು ಇನ್ನೂ ಗಟ್ಟಿಯಾಗುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ಬೇಕಾದದ್ದು ತಿರುಗಿಸಿದ್ದಳೋ ಇಲ್ಲವೋ ಎಂಬುದಲ್ಲ, ಅದನ್ನು ದುಪ್ಪಟಿ ಹೇಳಿ ಆಗಿತ್ತು. ಯಾವಾಗ ಎಂಬುದು ಬೇಕಿತ್ತು. ಬೆಳಗಿನ ಸಿಸ್ಟರ್ ಟಾರ್ಚ್ ಹಾಕಿದಾಗ ಹುಡುಗಿಯ ತಲೆ ಎಲ್ಲಿತ್ತು? ಜೇಬಿನಿಂದ ಹಾಳೆ ತೆಗೆದು ತಲೆಕೆಳಗು ಹಿಡಿದೆ. ತಲೆ ಗೋಡೆಗಿದ್ದರೆ ಕಿಟಕಿ ಕಡೆಯದು ಎಡಗಣ್ಣು. ತಲೆ ಇತ್ತ ತಿರುಗಿದ್ದರೆ ಅದೇ ಕಿಟಕಿ ಕಡೆಯದು ಬಲಗಣ್ಣು. ಹಾಗಿದ್ದರೆ ಅವಳು ನೋಡಿದ್ದೂ ನಾನು ನೋಡಿದ್ದೂ ಒಂದೇ ಕಣ್ಣು, ಹೊತ್ತು ಹೊತ್ತಿಗೂ ದೊಡ್ಡದಾಗುತ್ತಿರುವ ಒಂದೇ ಕಣ್ಣು.

ಆಯಾಳನ್ನು ಕರೆದು ಡಾಕ್ಟರನ್ನು ಕರೆತರಲು ಓಡಿಸಿದೆ. ಕಾಯುವ ಆ ಹೊತ್ತಿನಲ್ಲಿ ನಾನು ಮಾಡಿದ್ದು ಮೇಟ್ರನ್ ನೋಡಿದ್ದರೆ ಅಲ್ಲೇ ಸಸ್ಪೆಂಡ್ ಮಾಡಬಹುದಾಗಿದ್ದ ಕೆಲಸ. ಅವಳ ಡ್ರಿಪ್ ಬಾಟಲಿಯನ್ನು ಗೋಡೆಯ ಕೊಕ್ಕೆಯಿಂದ ತೆಗೆದು ಟೈಫಾಯ್ಡ್ ಹುಡುಗಿಯ ತಾಯಿಯ ಕೈಗೆ ಎತ್ತಿ ಹಿಡಿಯಲು ಕೊಟ್ಟೆ. ಮಂಚದ ತಲೆಯ ಕಡೆಗೆ ನಾನು ಕೈ ಹಾಕಿ, ಅತ್ತೆಗೆ ಹೇಳಿದೆ: "ಕಾಲ ಕಡೆ ಹಿಡೀರಿ. ನಿಧಾನ. ಅವಳನ್ನ ಮುಟ್ಟೋದು ಬೇಡ, ಮಂಚಾನೇ ತಿರುಗಿಸೋಣ."

ಅವಳು ಹಿಡಿಯಲಿಲ್ಲ. "ಯಾವ ಕಡೀಕೆ?"

"ದಕ್ಷಿಣಕ್ಕೆ."

"ನೀವೇ ತಿರುಗಿಸ್ತೀರಾ?"

"ನಾನೇ ತಿರುಗಿಸ್ತೀನಿ. ಇನ್ನು ಇವಳು ಇಲ್ಲಿರೋವರೆಗೂ ಇವಳ ತಲೆ ದಕ್ಷಿಣಕ್ಕೇ. ಯಾರೂ ವಾಪಸ್ ತಿರುಗಿಸಬೇಕಾಗಿಲ್ಲ."

ಎರಡು ಸಾಲಿನ ನಡುವಿನ ಓಣಿಗೆ ಮಂಚವನ್ನು ಎಳೆದು, ಇಬ್ಬರು ಹೆಂಗಸರು ಬಂದು ಕೈ ಕೊಟ್ಟು, ಅಂಗುಲ ಅಂಗುಲವಾಗಿ ತಿರುಗಿಸಿದೆವು. ಕಿರುಗುಟ್ಟಿದ ಆ ಸದ್ದು ಕೇಳಿದ ತಕ್ಷಣ ನನಗೆ ವರಾಂಡದಲ್ಲಿ ಚಪ್ಪಲಿ ಬಿಟ್ಟ ಗಳಿಗೆ ನೆನಪಾಯಿತು. ಮಂಚ ನೆಲೆ ನಿಂತಿತು. ಅತ್ತೆ ಸೊಸೆಯ ಹಣೆಯ ಮೇಲೆ ಅಂಗೈ ಇಟ್ಟು ನಿಂತಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು.

"ಬಂದ ಗಳಿಗ್ಗೇ ತಿರುಗಿಸ್ದೆ ಕಣವ್ವ. ಹೊಲಿಗೆ ಹಾಕಿ ಕರ್ಕೊಂಬಂದು ಮಲಗಿಸಿದ್ರಲ್ಲ, ಅವ್ರು ಆ ಕಡೀಕೆ ಹೋಗ್ತಲೂ ನಾನೂ ಇವ್ಳ ಅಕ್ಕಾನೂ ಹೆಗ್ಲು ಕಾಲು ಹಿಡ್ದು ಎತ್ತಿ ತಿರುಗಿಸಿದ್ವಿ. ಅಕ್ಕ ಆಮ್ಯಾಕೆ ಊರಿಗೆ ಹೋದ್ಲು."

"ಬೆಳಗಿನ ಸಿಸ್ಟರ್ ಬ್ಯಾಟ್ರಿ ಹಾಕಿ ಕಣ್ಣು ನೋಡಿದಾಗ?"

"ಹಿಂಗೇ ಇದ್ಲು. ತಲೆ ಇತ್ಲಾಗೇ. ಆವಮ್ಮ ಈ ಕಡೆ ಬಂದು ಬಗ್ಗಿ ನೋಡಿದ್ಲು. ಏನೂ ಅನ್ನಲಿಲ್ಲ, ಒಳ್ಳೇ ಹೆಣ್ಮಗಳು."

"ಮತ್ತೆ ಗೋಡೆಗೆ ಯಾವಾಗ ಹಾಕಿದ್ರಿ?"

ಅವಳು ಸೊಸೆಯ ಹೊದಿಕೆ ಎಳೆದು ಸರಿಮಾಡತೊಡಗಿದಳು. ಪಕ್ಕದ ಮಂಚದ ಮುದುಕಿಯೇ ಬಾಯಿ ಬಿಟ್ಟಳು. "ಹೇಳೇ, ಅದಕ್ಕೇನು ನಾಚ್ಕೆ. ಕನ್ನಡಕದ ಸಿಸ್ಟರಮ್ಮ ಬರೋ ಹೊತ್ತು, ಬೈತಾರೆ, ತಿರುಗಿಸ್ಕೊಳ್ರೇ ಅಂತ ನಾನೇ ಹೇಳ್ದೆ. ಆ ಜ್ವರದ ಹುಡುಗಿ ಅವ್ವ ಬಂದು ಕೈ ಕೊಟ್ಲು."

ಕನ್ನಡಕದ ಸಿಸ್ಟರಮ್ಮ ನಾನೇ. ಅದಕ್ಕೆ ಮರುಗುವಷ್ಟು ಪುರುಸೊತ್ತು ಇರಲಿಲ್ಲ. ಡಾಕ್ಟರು ಬಾಗಿಲಲ್ಲಿ ನಿಂತು ಸಾಲಿನಲ್ಲಿ ಉಲ್ಟಾ ನಿಂತ ಮಂಚವನ್ನು ನೋಡುತ್ತಿದ್ದರು.

ಹೇಳಬೇಕಾದ್ದನ್ನು ನಾನು ಎರಡೇ ಮಾತಿನಲ್ಲಿ ಹೇಳಿದೆ. ಹಾಳೆಯನ್ನು ಅವರ ಮುಂದೆ ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು ತೋರಿಸಿದೆ. ಅವರು ಅದನ್ನು ತಾವೇ ಇಸಿದುಕೊಂಡು ಮತ್ತೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಹುಡುಗಿಯ ಮೇಲೆ ಬಗ್ಗಿದರು. ಈಗ ಕೂಗಿದರೆ ಅವಳು ಕಣ್ಣು ಬಿಡಲಿಲ್ಲ, ಗಲ್ಲ ಚಿವುಟಿದಾಗ ಗೊಣಗಿದಳು. ಪಲ್ಸ್ ಐವತ್ತೆಂಟು. ಬಲ ಪಾಪೆ ಈ ಸಲ ಟಾರ್ಚಿಗೆ ಬಗ್ಗಲೇ ಇಲ್ಲ.

ಅವರು ಬಲಗಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಸರಿಸಿ ಒತ್ತಿದರು. ಅಲ್ಲಿ ಗಾಯವಿರಲಿಲ್ಲ, ಮೆತ್ತನೆಯ ಒಂದು ಉಬ್ಬು. ಕಾಯಿ ಬಡಿದದ್ದು ಎಡಗಡೆಗೆ. ಕೆಳಗೆ ಬಿದ್ದಾಗ ನೆಲದ ಚಪ್ಪಡಿ ತಾಗಿದ್ದು ಬಲಗಡೆಗೆ. ರಕ್ತ ಬಂದ ಕಡೆಯನ್ನೇ ಎಲ್ಲರೂ ನೋಡಿದ್ದೆವು.

"ನಾನು ಈ ತರಹದ್ದು ಒಂದು ಮಾಡಿದೀನಿ, ಎರಡು ನೋಡಿದೀನಿ" ಎಂದರು ಡಾಕ್ಟರು, ತಗ್ಗಿದ ದನಿಯಲ್ಲಿ. "ಒಂದು ತೂತು ಕೊರೆಯೋ ಧೈರ್ಯ ನನಗಿದೆ ಸಿಸ್ಟರ್. ಅಲ್ಲಿ ಏನೂ ಸಿಗಲಿಲ್ಲ ಅಂದರೆ ಇನ್ನೊಂದು ಕೊರೆಯೋ ಹೊತ್ತಿಗೆ ಇವಳು ಇರೋದಿಲ್ಲ. ಆರ್ ಯೂ ಶ್ಯೂರ್?"

ನನಗೆ ಗೊತ್ತಿದ್ದದ್ದು ಒಬ್ಬ ಹೆಂಗಸಿನ ಮಾತು, ಒಂದು ಎಣ್ಣೆಯ ಕಲೆ, ಒಂದು ಕ್ಯಾಲೆಂಡರ್ ಹಾಳೆ. "ಬಲ, ಡಾಕ್ಟರ್" ಎಂದೆ.

ಒಪ್ಪಿಗೆಗೆ ಹೆಬ್ಬೆಟ್ಟು ಒತ್ತುವ ಮುಂಚೆ ಅತ್ತೆ ಇಂಕಿನ ಬೆರಳನ್ನು ಮೇಲೇ ಹಿಡಿದು ಕೇಳಿದಳು: "ಅಲ್ಲಿ ಒಳಗೆ ತಲೆ ಯಾವ ಕಡೀಕೆ ಹಾಕ್ತೀರಿ?"

"ಪೂರ್ವಕ್ಕೆ." ದೇವರ ದಯೆ, ನಮ್ಮ ಥಿಯೇಟರಿನ ಟೇಬಲ್ಲು ಪೂರ್ವಕ್ಕಿತ್ತು.

"ಹಂಗಾರೆ ಆಯ್ತು ಬುಡಿ" ಎಂದು ಒತ್ತಿದಳು.

ಥಿಯೇಟರಿನಲ್ಲಿ ನನ್ನ ಕೆಲಸ ತಲೆ ಅಲ್ಲಾಡದಂತೆ ಎರಡೂ ಅಂಗೈಯಲ್ಲಿ ಹಿಡಿಯುವುದು. ಕೂದಲು ತೆಗೆದೆವು, ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಹಾಕಿದರು. ಕೊರೆಯುವ ಉಪಕರಣ ನೋಡಲು ಬಡಗಿಯ ಬೈರಿಗೆಯಂತೆಯೇ ಇರುತ್ತದೆ, ಕೈಯಲ್ಲೇ ತಿರುಗಿಸಬೇಕು. ಡಾಕ್ಟರು ತಿರುಗಿಸುತ್ತಿದ್ದರೆ ಮೂಳೆಯ ಅದುರು ನನ್ನ ಅಂಗೈಗೆ, ಅಲ್ಲಿಂದ ಮೊಣಕೈಗೆ ಬರುತ್ತಿತ್ತು. ಕರೆಂಟು ಹೋದೀತೆಂದು ಆಯಾ ಪೆಟ್ರೋಮ್ಯಾಕ್ಸ್ ಹೊತ್ತಿಸಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಅದು ಭುಸುಗುಟ್ಟುತ್ತಿತ್ತು. ಪುಟ್ಟ ಹುಡುಗಿಯಾಗಿದ್ದಾಗ ಕಲಿತ ಪ್ರೇಯರುಗಳಲ್ಲಿ ಒಂದನ್ನೂ ಪೂರ್ತಿ ಹೇಳಲು ನನಗೆ ಆಗಲಿಲ್ಲ. ಒಂದರ ನಡುವೆ ಇನ್ನೊಂದು ಬಂದು ಸೇರಿಕೊಳ್ಳುತ್ತಿತ್ತು. ಎಡ ಎಂದಿದ್ದರೆ, ಎಡ ಎಂದಿದ್ದರೆ ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಲೇ ಇತ್ತು.

ಬೈರಿಗೆ ಒಮ್ಮೆಗೇ ಹಗುರಾಯಿತು. ಡಾಕ್ಟರು ಕೈ ನಿಲ್ಲಿಸಿ ಅದನ್ನು ಹಿಂದಕ್ಕೆ ತೆಗೆದರು. ತೂತಿನ ಬಾಯಿಗೆ, ಗಟ್ಟಿಯಾಗಲು ಬಿಟ್ಟ ಬೆಲ್ಲದ ಪಾಕದಂತೆ, ಕಪ್ಪನೆಯ ಹೆಪ್ಪು ತಾನಾಗಿಯೇ ಉಬ್ಬಿ ಬಂತು.

"ದೇರ್ ಯೂ ಆರ್" ಎಂದರು ಡಾಕ್ಟರು. ನನಗಲ್ಲ, ಹೆಪ್ಪಿಗೆ.

ತೂತನ್ನು ಅಗಲ ಮಾಡಿ, ಹೆಪ್ಪು ತೊಳೆದು ತೆಗೆದು, ಸೋರುತ್ತಿದ್ದ ನಾಳ ಕಟ್ಟಿದರು. ನನ್ನ ಬೆರಳು ಅವಳ ಕಿವಿಯ ಮುಂದಿನ ನಾಡಿಯ ಮೇಲೆ ಇತ್ತು. ಅದು ಮೆಲ್ಲಗೆ ಮೇಲೇರತೊಡಗಿದ್ದನ್ನು ನಾನು ಗಡಿಯಾರ ನೋಡದೆಯೇ ತಿಳಿದೆ.

ವಾರ್ಡಿಗೆ ತಂದಾಗ ಎಲ್ಲರೂ ಎದ್ದು ಕೂತಿದ್ದರು. ಆರನೇ ಮಂಚ ನಾವು ಬಿಟ್ಟುಹೋದ ಹಾಗೆಯೇ ದಕ್ಷಿಣಕ್ಕೆ ತಲೆ ಮಾಡಿ ನಿಂತಿತ್ತು. ಗೋಡೆಯ ಕೊಕ್ಕೆ ದೂರವಾಯಿತೆಂದು ಆಯಾ ಹೊರಗಿನಿಂದ ಬಟ್ಟೆ ಒಣಹಾಕುವ ಕಂಬ ತಂದು ಬಾಟಲಿಗೆ ನಿಲ್ಲಿಸಿದಳು. ನನ್ನ ಪಾಳಿ ಮುಗಿದಿತ್ತು. ರಾತ್ರಿಯ ಸಿಸ್ಟರ್ ಮೇಜಿನ ಬಳಿ ಪೆನ್ನು ಹಿಡಿದು ಕಾಯುತ್ತಿದ್ದಳು. ನಾನು ಅವಳನ್ನು ಕೈ ಹಿಡಿದು ಎಬ್ಬಿಸಿ ಮಂಚದ ಬಳಿಗೆ ಕರೆತಂದೆ. ಹುಡುಗಿಯ ಬಲಗಣ್ಣಿನ ಮೇಲೆ ನನ್ನ ಬೆರಳಿಟ್ಟು, "ಈ ಕಣ್ಣು" ಎಂದೆ. ಕಿಟಕಿ, ಬಾಗಿಲು ಯಾವುದೂ ಇಲ್ಲ. ಅತ್ತೆಯ ಎದುರಿಗೇ ಕೇಳಿದೆ: "ನಾನು ಹೇಳಿದ್ದರಲ್ಲಿ ಏನಾದರೂ ಬಿಟ್ಟೋಗಿದೆಯಾ ಅಮ್ಮ?"

"ಮದ್ಯಾನ ಒಂದ್ಸಲ ವಾಂತಿ ಮಾಡಿದ್ಲು, ನೀವು ಡಾಕ್ಟ್ರು ಜೊತೆ ವರಾಂಡದಾಗೆ ಮಾತಾಡ್ತಿದ್ದಾಗ. ನಾನು ಒರೆಸಿಬುಟ್ಟೆ."

ಅದು ನನ್ನ ಹಾಳೆಯಲ್ಲಿ ಇರಲಿಲ್ಲ. ರಾತ್ರಿಯ ಸಿಸ್ಟರ್ ಬರೆದುಕೊಂಡಳು. ಅಲ್ಲಿಂದ ಮುಂದೆ ನಾನು ಮೇಜಿನ ಬಳಿ ರಿಪೋರ್ಟು ಕೊಡಲೂ ಇಲ್ಲ, ತೆಗೆದುಕೊಳ್ಳಲೂ ಇಲ್ಲ. ಮಂಚದಿಂದ ಮಂಚಕ್ಕೆ, ಕನ್ನಡದಲ್ಲಿ, ಜೊತೆಗಿದ್ದವರ ಕಿವಿಗೆ ಬೀಳುವ ಹಾಗೆ. ಕೆಲವರು ಇದು ಹರಿಕಥೆ ಎಂದು ನಗಾಡಿದರು. ಬಸ್ಸು ತಪ್ಪುತ್ತದೆ ಎಂದು ಬೆಳಗಿನ ಸಿಸ್ಟರ್ ಗೊಣಗುತ್ತಿದ್ದಳು, ಆದರೆ ಆರನೇ ಮಂಚದ ಕಥೆ ಕೇಳಿದ ಮೇಲೆ ಗೊಣಗುತ್ತಲೇ ಜೊತೆಗೆ ಬರುತ್ತಿದ್ದಳು.

ಮರುದಿನ ಬೆಳಿಗ್ಗೆ ಮೇಟ್ರನ್ ರೌಂಡ್ಸಿಗೆ ಬಂದರು. ನನ್ನ ಡ್ಯೂಟಿಯಲ್ಲ, ಆದರೂ ಕ್ವಾರ್ಟರ್ಸಿನಲ್ಲಿ ಇರಲಾರದೆ ಬಂದಿದ್ದೆ. ಉತ್ತರದ ಸಾಲಿನ ನಡುವೆ ಒಂದೇ ಒಂದು ಮಂಚ ಉಲ್ಟಾ. ಮೇಟ್ರನ್ ಅದರ ಮುಂದೆ ನಿಂತರು. ವಾರ್ಡಿನಲ್ಲಿ ಕೆಮ್ಮುವವರೂ ಕೆಮ್ಮು ನುಂಗಿದರು. ಡಾಕ್ಟರು ಕೇಸ್ ಶೀಟಿನಿಂದ ತಲೆ ಎತ್ತದೆ, "ಮೈ ಆರ್ಡರ್ಸ್" ಎಂದರು. ಅದು ಸುಳ್ಳು.

ಮೇಟ್ರನ್ ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದರು. "ಬಾಯಿ ತುಂಬ ಹಲ್ಲಿರುವಾಗ ಒಂದು ಮಾತ್ರ ವಕ್ರ ಇರ್ಬಾರದು, ಸಿಸ್ಟರ್" ಎಂದರು. "ಮಿಕ್ಕ ಏಳನ್ನೂ ತಿರುಗಿಸಿ."

ತೊಡೆ ಮುರಿದ ಮುದುಕಿಯನ್ನು ತೂಕದ ಸಮೇತ ತಿರುಗಿಸಲು ಅರ್ಧ ದಿನ ಹಿಡಿಯಿತು. ತಿರುಗಿಸುವಷ್ಟು ಹೊತ್ತೂ ಅವಳು ನಮ್ಮ ವಂಶವನ್ನೆಲ್ಲ ಹರಸಿದಳು, ಕಾಲು ಜಗ್ಗಿದಾಗ ಬೈದಳು.

ಆರನೇ ಮಂಚದ ಹುಡುಗಿ ಮೂರನೆಯ ದಿನ ನೆಟ್ಟಗೆ ಮಾತಾಡಿದಳು. ಮತ್ತೆ ಕೇಳಿದ್ದು ಕಾಯಿಗಳನ್ನೇ. ಹೊರಡುವ ದಿನ ಬೋಳುತಲೆಯ ಮೇಲೆ ಸೆರಗು ಎಳೆದುಕೊಂಡು, ನಾಚುತ್ತಾ, ಗಂಡನ ಹಿಂದೆ ಮೆಟ್ಟಿಲಿಳಿದಳು. ಅತ್ತೆ ಮಾತ್ರ ಹಿಂದೆ ಉಳಿದು ನನ್ನ ಕೈಗೆ ಒಂದು ಉಂಡೆ ಕೊಬ್ಬರಿ ತುರುಕಿದಳು.

ನಾನು ಸ್ವಲ್ಪ ರೇಗಿಸೋಣವೆಂದು, "ಉತ್ತರಕ್ಕೆ ತಲೆ ಹಾಕಿದವಳು ಎದ್ದು ಮನೆಗೆ ಹೋಗಲ್ಲ ಅಂತಿದ್ರಲ್ಲ ಅಮ್ಮ. ನಾವು ಹಾಕಿದ್ದು ಉತ್ತರಕ್ಕೇ, ನೋಡಿ, ನಡ್ಕೊಂಡು ಹೋಗ್ತಿದಾಳೆ" ಎಂದೆ.

ಅವಳು ನನ್ನನ್ನು ಮರುಕದಿಂದ ನೋಡಿದಳು. "ನಾನು ತಿರುಗಿಸ್ದೆ ಅಂತ್ಲೇ ಹೋಗ್ತಿರೋದು ಕಣವ್ವ. ನೀವು ಓದ್ದೋರು, ನಿಮಗೆ ಹೆಂಗೆ ಗೊತ್ತಾಗ್ಬೇಕು."

ತಿರುಗಿಸಿದ್ದರಿಂದಲೇ ಅವಳು ಸಾಯುವುದರಲ್ಲಿದ್ದಳು ಎಂದು ಹೇಳಬಹುದಿತ್ತು. ತಿರುಗಿಸದೇ ಇದ್ದಿದ್ದರೆ ಇಬ್ಬರು ಸಿಸ್ಟರುಗಳ ಮಾತು ಹೊಂದಿಕೊಂಡು, ನಾನು ಅಷ್ಟು ಚಡಪಡಿಸದೆ ಕುರ್ಚಿಯಲ್ಲಿ ಕೂತಿರುತ್ತಿದ್ದೆನೋ ಏನೋ. ಕೊಬ್ಬರಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಒಳಗೆ ಹೋದೆ. ಮಧ್ಯಾಹ್ನದ ಪಾಳಿ ಶುರುವಾಗಿತ್ತು. ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ಎರಡು ಸಾಲು ಚೌಕ ಬರೆದೆ. ಒಳಗೆ ಇನ್ನೇನನ್ನೂ ಬರೆಯುವ ಮುಂಚೆ, ಮಂಚದಿಂದ ಮಂಚಕ್ಕೆ ಹೋಗಿ ನನ್ನ ಕಣ್ಣಿನಿಂದಲೇ ನೋಡಿ, ಒಬ್ಬೊಬ್ಬಳ ತಲೆ ಎಲ್ಲಿದೆಯೋ ಅಲ್ಲಿ ಒಂದು ಚುಕ್ಕೆ ಇಟ್ಟೆ.